ಗಾಡಿಯೊಳಗಿನ ಗಿಣ್ಣು

ಕಾಂತರಾಜು ಆ ಗಾಡಿ ತಂದ ದಿನದಿಂದ ಅವನ ಅಕ್ಕ ಆಶಾರಾಣಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಒಳಗೆ ಮಂಚ, ಟೀವಿ, ಮೊಣಕಾಲೆತ್ತರದ ಫ್ರಿಜ್ಜು. ಹೊರಗೆ ಎರಡೂ ಪಕ್ಕ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರ. ಪ್ರವಾಸಿಗರಿಗೆ ಬಾಡಿಗೆಗೆ ಬಿಡುತ್ತೇನೆ, ಬೇಲೂರು ಹಳೇಬೀಡು ಸುತ್ತಿಸುತ್ತೇನೆ ಎಂದು ಊರೆಲ್ಲ ಡಂಗುರ ಹೊಡೆದಿದ್ದ. ಗಾಡಿ ಮಾತ್ರ ಹೊಳೆನರಸೀಪುರದ ಹೊರಗೆ ಅವರ ಮನೆಯ ಮುಂದೆ, ತೆಂಗಿನ ಸಿಪ್ಪೆಯ ರಾಶಿಯ ಪಕ್ಕ, ಬಿಸಿಲು ಕಾಯಿಸುತ್ತ ನಿಂತಿತ್ತು. ಹಾಸನದ ಕಚೇರಿಯಿಂದ ಶನಿವಾರ ಶನಿವಾರ ಬಸ್ಸಿಳಿದು ಬರುವಾಗ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಆ ಹದ್ದೇ. ಆದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಆ ಗಾಡಿಯ ಮಂಚ ಅವ್ವನಿಗೆ ಬೇಕಾಗಿತ್ತು.

ಸೊಂಟ ಮುರಿದ ಮೇಲೆ ಅವ್ವ ಕೂತು ಎಲ್ಲಿಗೂ ಹೋಗುವಂತಿರಲಿಲ್ಲ, ಮಲಗಿಯೇ ಹೋಗಬೇಕು. ಕೊಣನೂರಿನಲ್ಲಿ ದೊಡ್ಡಮ್ಮ, ಅಂದರೆ ಅವ್ವನ ಒಡಹುಟ್ಟಿದ ಅಕ್ಕ, ಅನ್ನ ಬಿಟ್ಟು ಮಲಗಿದ್ದಾಳೆಂದು ಫೋನು ಬಂದಿತ್ತು. "ಅಕ್ಕಯ್ಯನ ಮೊಕ ಒಂದ್ಸಲ ನೋಡ್ಬುಟ್ರೆ ಸಾಕು ಕಣವ್ವ," ಎಂದು ಅವ್ವ ಅಂದಿನಿಂದ ಅದನ್ನೇ ಜಪಿಸುತ್ತಿದ್ದಳು. ಎದುರುಮನೆಯ ಪುಟ್ಟಸ್ವಾಮಿ ತನ್ನ ಲಗೇಜ್ ಆಟೋದಲ್ಲಿ ಹಾಸಿಗೆ ಹಾಸಿ ಕರೆದೊಯ್ಯುತ್ತೇನೆಂದು ತಾನಾಗಿಯೇ ಬಂದು ಹೇಳಿದ್ದ. ಕಾಂತರಾಜು ಅವನ ಮೇಲೆ ಉರಿದುಬಿದ್ದಿದ್ದ.

"ನಮ್ಮವ್ವನ್ನ ಕಾಯಿ ಮೂಟೆ ತುಂಬೋ ಗಾಡೀಲಿ ಆಕ್ಕಂಡೋಗಾಣ ಅಂತೀಯಾ? ಊರೋರು ನನ್ ಮೊಕಕ್ಕೆ ಉಗಿಯಕಿಲ್ವಾ? ಮಾರಾಣಿ ಅಂಗೆ ಕರ್ಕಂಡೋಯ್ತೀನಿ, ನೋಡ್ತಿರು!"

ಹೋದ ಭಾನುವಾರ ಹೊರಡುವುದೆಂದಾಗಿತ್ತು. ಕರು ಹಾಕಿದ ಹಸುವಿನ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಆಶಾರಾಣಿ ಗಿಣ್ಣು ಬೇಯಿಸಿದ್ದಳು. ದೊಡ್ಡಮ್ಮನಿಗೆ ಗಿಣ್ಣೆಂದರೆ ಪ್ರಾಣ. ಅನ್ನ ಬಿಟ್ಟವಳು ಅದನ್ನಾದರೂ ಒಂದು ತುತ್ತು ತಿಂದಾಳು ಎಂಬ ಆಸೆ. ಅಷ್ಟರಲ್ಲಿ ಕಾಂತರಾಜುವಿಗೆ ಚನ್ನರಾಯಪಟ್ಟಣದಲ್ಲಿ ಏನೋ ಕೆಲಸ ಬಂತು, ಪಯಣ ಒಂದು ವಾರ ಮುಂದಕ್ಕೆ ಹೋಯಿತು. ಗಿಣ್ಣಿನ ಡಬ್ಬಿಯನ್ನು ಅವನೇ ಅವಳ ಕೈಯಿಂದ ಕಿತ್ತುಕೊಂಡ.

"ಮನೆ ಫ್ರಿಜ್ಜು ಕರೆಂಟ್ ಓದ್ರೆ ಓಯ್ತು. ನಮ್ ಗಾಡಿ ಫ್ರಿಜ್ಜು ಬ್ಯಾಟ್ರೀಲಿ ನಡೀತದೆ ಕಣಕ್ಕ. ವಾರ ಮಡಗಿದ್ರೂ ಕಲ್ಲಂಗಿರ್ತದೆ."

"ಗಾಡಿ ಕೊಟ್ಟೋನು ಯೋಳಿದ್ದು ಗ್ಯಾಪ್ಕ ಐತಾ? ನಿಂತಿರೋವಾಗ ಮನೆ ವೈರ್ ಚುಚ್ಚಿರಬೇಕು, ಇಲ್ಲಾಂದ್ರೆ ಮೇನ್ ಸ್ವಿಚ್ ಆರಿಸಿರಬೇಕು. ಎರಡರಲ್ಲಿ ಒಂದು."

"ನಂಗೇ ಪಾಠ ಯೋಳ್ತೀಯಲ್ಲ, ಬುಡಕ್ಕ ಅತ್ಲಾಗೆ."

ಅವಳು ಸುಮ್ಮನಿರಲಿಲ್ಲ. ಜಗಲಿಯ ಪ್ಲಗ್ಗಿನಿಂದ ಗಾಡಿಯವರೆಗೆ ಉದ್ದನೆಯ ವೈರನ್ನು ತಾನೇ ಎಳೆದು, ಚುಚ್ಚಿ, ಹಸಿರು ದೀಪ ಹತ್ತಿದ್ದನ್ನು ನೋಡಿಕೊಂಡೇ ಹಾಸನದ ಬಸ್ಸು ಹತ್ತಿದ್ದಳು.

ಈ ಶನಿವಾರ ಕಚೇರಿ ಕೆಲಸ ಮುಗಿಯದೆ ಆಶಾರಾಣಿ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದಳು. ಅವ್ವನಿಗೆ ತಲೆ ಬಾಚಿ, ಹೂ ಮುಡಿಸಿ, ಹಗ್ಗದ ಮಂಚದ ಸಮೇತ ನಾಲ್ಕು ಜನ ಅಂಗಳಕ್ಕೆ ಹೊತ್ತು ತಂದರು. ಕಾಂತರಾಜು ಕರಿ ಕನ್ನಡಕ ಹಾಕಿಕೊಂಡು ಬಂದು ಕೀಲಿ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಈ ಸಲ ಅದೂ ಅನ್ನಲಿಲ್ಲ. ಆಶಾರಾಣಿ ಜಗಲಿಯ ಕಡೆ ನೋಡಿದಳು. ಪ್ಲಗ್ಗು ಬೋಳಾಗಿತ್ತು, ವೈರೇ ಇರಲಿಲ್ಲ.

"ವೈರೆಲ್ಲಿ?"

ಕಾಂತರಾಜು ಕನ್ನಡಕ ಒರೆಸತೊಡಗಿದ. ಅವನ ಹೆಂಡತಿ ಪ್ರೇಮಕುಮಾರಿ ಸೆರಗು ಬಾಯಿಗೆ ಹಿಡಿದು, "ಗುರುವಾರ ಫ್ರೆಂಡ್ ಮನೆ ಗೃಹಪ್ರವೇಶಕ್ಕೆ ಸೀರಿಯಲ್ ಸೆಟ್ ಆಕಕ್ಕೆ ತಕ್ಕೊಂಡೋದ್ರು," ಎಂದಳು.

ಆಶಾರಾಣಿ ಪಕ್ಕದ ಬಾಗಿಲು ಎಳೆದಳು. ಒಳಗಿನಿಂದ ಹೊಡೆದ ವಾಸನೆಗೆ ಎರಡು ಹೆಜ್ಜೆ ಹಿಂದಕ್ಕೆ ಬಂದಳು. ಮೂಗಿಗೆ ಸೆರಗು ಒತ್ತಿಕೊಂಡು ಹತ್ತಿದಳು. ಅವ್ವ ಮಲಗಬೇಕಾದ ಮಂಚದ ಮೇಲೆ ಇಸ್ಪೀಟೆಲೆ, ಎಣ್ಣೆ ಮೆತ್ತಿದ ಪೇಪರ್ ತಟ್ಟೆ, ತಲೆದಿಂಬಿನ ಮೇಲೆ ಕಡಿದು ಬಿಟ್ಟ ಕೋಳಿ ಮೂಳೆ. ಗ್ಲಾಸಿನ ತಳದಲ್ಲಿ ಸಿಗರೇಟು ತುಂಡು ನೆನೆದು ಉಬ್ಬಿತ್ತು. ಟೀವಿಯ ಸ್ವಿಚ್ಚು, ಫ್ಯಾನಿನ ಸ್ವಿಚ್ಚು, ಎಲ್ಲ ಹಾಕಿದ್ದು ಹಾಕಿದಂತೆಯೇ. ಒಳಗಿನ ಬ್ಯಾಟರಿ ಬತ್ತಿದ ಮೇಲೆ ಕಾಂತರಾಜು, ಅವನ ಗೆಳೆಯರು ಸೇರಿ ಎಂಜಿನ್ ಬ್ಯಾಟರಿಗೂ ವೈರು ಎಳೆದು ಅದನ್ನೂ ಹೀರಿ ಮುಗಿಸಿದ್ದರು. ಮೂರು ದಿನ ಕ್ರಿಕೆಟ್ ನೋಡಿದ್ದಾರೆ, ಮೂರು ದಿನ ಇಲ್ಲೇ ತಿಂದು ಇಲ್ಲೇ ಕುಡಿದಿದ್ದಾರೆ, ಹತ್ತು ಹೆಜ್ಜೆ ಆಚೆ ಹೆತ್ತ ತಾಯಿ ಭಾನುವಾರ ಯಾವಾಗ ಬರುತ್ತದೆಂದು ಸೂರು ನೋಡುತ್ತ ಮಲಗಿದ್ದಾಳೆ.

ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ಬೆಚ್ಚಗಿತ್ತು. ಬೀರ್ ಬಾಟಲಿಗಳ ನಡುವೆ ಗಿಣ್ಣಿನ ಡಬ್ಬಿ. ಮುಚ್ಚಳ ಮೇಲೆದ್ದು ಹಳದಿ ರಸ ಸುರಿದು ಕೆಳಗಿನ ತಟ್ಟೆಯಲ್ಲಿ ಅಂಟಾಗಿತ್ತು. ಗಿಣ್ಣಿನ ಮೇಲೆ ಬೂದಿ ಬಣ್ಣದ ಬೂಷ್ಟು. ಪಕ್ಕದ ಕೋಳಿ ಕವರಿನಲ್ಲಿ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಆಶಾರಾಣಿ ಕೆಳಗಿಳಿದು ಸಿಪ್ಪೆ ರಾಶಿಯ ಮೇಲೆ ಥೂ ಎಂದು ಉಗಿದಳು. ಕೊಳೆತ ಗಿಣ್ಣಿಗಿಂತ ಎದುರು ನಿಂತಿದ್ದ ತಮ್ಮನ ಮುಖ ಹೆಚ್ಚು ಹೇಸಿಗೆಯಾಗಿತ್ತು.

"ಮನುಸನೇನ್ಲಾ ನೀನು? ಕೊನೇಪಕ್ಸ ಆ ಮೇನ್ ಸ್ವಿಚ್ ಆರಿಸಕ್ಕೆ ಏನ್ ರೋಗ ಬಂದಿತ್ತು?"

ಕಾಂತರಾಜು ಸುತ್ತ ನೆರೆದವರನ್ನು ನೋಡಿದ. ಡ್ಯಾಶ್‌ಬೋರ್ಡಿನ ಮೇಲೆ ದೇವರ ಫೋಟೋ ಮುಂದಿದ್ದ ಕಡಲೆ ಗಾತ್ರದ ಬಲ್ಬಿಗೆ ಕೈ ತೋರಿಸಿದ. "ಮೇನ್ ಆರಿಸಿದ್ರೆ ದೇವ್ರ ದೀಪಾನೂ ಆರೋಯ್ತದೆ ಕಣಕ್ಕ. ಪಯಣದ ಗಾಡೀಲಿ ದೀಪ ಆರಿಸಬಾರದು. ಅವ್ವನೇ ಯೋಳಿತ್ತು, ಬೇಕಾರೆ ಕೇಳು."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಅವ್ವ ಆ ಗಾಡಿಯ ಒಳಗನ್ನು ಕಂಡವಳೇ ಅಲ್ಲ. ಅದರಲ್ಲಿ ದೀಪವಿದೆಯೆಂಬುದೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲರೂ ಮಂಚದ ಕಡೆ ತಿರುಗಿದರು. ಅವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಗನನ್ನೇ ನೋಡಿದಳು.

"ಊಂ ಕಣವ್ವ, ನಾನೇ ಅಂದಿದ್ದೆ," ಎಂದಳು. "ಬೈಬ್ಯಾಡ ಅವನ್ನ."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ. ಕಾಂತರಾಜುವಿಗೆ ಉಸಿರು ಬಂತು. ಬೇರೆ ಬ್ಯಾಟರಿ ತಂದು ಸ್ಟಾರ್ಟ್ ಮಾಡಿಸುತ್ತೇನೆ, ತೊಳೆಸುತ್ತೇನೆ, ಬರುವ ಭಾನುವಾರ ಹೋದರಾಯಿತು ಎಂದು ಶುರು ಮಾಡಿದ. ಆಶಾರಾಣಿ ಅವನಿಗೆ ಬೆನ್ನು ಹಾಕಿ ಎದುರುಮನೆಯತ್ತ ಕೂಗಿದಳು.

"ಪುಟ್ಟಸ್ವಾಮಣ್ಣ, ಗಾಡಿ ಈಚೆಗೆ ತಕ್ಕೊಂಬಾ."

ಆಟೋದ ಹಿಂಭಾಗಕ್ಕೆ ಹುಲ್ಲು ಹರಡಿ, ಮೇಲೆ ಎರಡು ಹಾಸಿಗೆ ಹಾಸಿ, ನೆತ್ತಿಗೆ ಸೀರೆ ಕಟ್ಟಿ ಅವ್ವನನ್ನು ಮಲಗಿಸಿದರು. ಅಡ್ಡ ಬಂದ ಕಾಂತರಾಜು ಅಕ್ಕನ ಮುಖ ನೋಡಿ ಸರಿದು ನಿಂತ. ಅರಕಲಗೂಡು ದಾಟುವಾಗ ಕುಲುಕಾಟಕ್ಕೆ ಅವ್ವ ಹಲ್ಲು ಕಚ್ಚಿಕೊಂಡಳು, ಒಂದು ಸಲವೂ ನರಳಲಿಲ್ಲ. ಪುಟ್ಟಸ್ವಾಮಿ ಗುಂಡಿ ಕಂಡಲ್ಲೆಲ್ಲ ಇಳಿದು ನೋಡಿ, ಆಮೇಲೆ ಗಾಡಿ ಬಿಡುತ್ತಿದ್ದ. ಆಶಾರಾಣಿ ದಾರಿಯುದ್ದಕ್ಕೂ ಅವ್ವನ ಸೊಂಟದ ಪಕ್ಕ ದಿಂಬು ಒತ್ತಿ ಹಿಡಿದು ಕೂತಿದ್ದಳು. ಅವಳ ಮೂಗಿನಿಂದ ಆ ವಾಸನೆ ಇನ್ನೂ ಹೋಗಿರಲಿಲ್ಲ.

ಕೊಣನೂರಿನಲ್ಲಿ ಅವ್ವನ ಹಾಸಿಗೆಯನ್ನು ದೊಡ್ಡಮ್ಮನ ಹಾಸಿಗೆಗೆ ಅಂಟಿಸಿ ಹಾಕಿದರು. ದೊಡ್ಡಮ್ಮನಿಗೆ ಕಣ್ಣು ಮಂಜಾಗಿತ್ತು. ತಂಗಿಯ ಕೆನ್ನೆ, ಹಣೆ, ಮುಡಿದ ಹೂವನ್ನೆಲ್ಲ ಬೆರಳಿನಿಂದ ತಡವಿ ನೋಡಿದಳು. ಇಬ್ಬರೂ ಅತ್ತರು. ಗಿಣ್ಣು ಇರಬೇಕಾದ ಕೈ ಖಾಲಿಯಾಗಿ ಆಶಾರಾಣಿ ಬಾಗಿಲ ಬಳಿ ನಿಂತಿದ್ದಳು. ಹಿಂದೆ ಪುಟ್ಟಸ್ವಾಮಿ ಟವಲಿನಿಂದ ಬೆವರು ಒರೆಸಿಕೊಳ್ಳುತ್ತಿದ್ದ.

"ಈ ಸೊಂಟ ಇಟ್ಕಂಡು ಎಂಗ್ ಬಂದ್ಯೇ?" ಎಂದು ದೊಡ್ಡಮ್ಮ ಕೇಳಿದಳು.

"ನಮ್ ಕಾಂತ ಕರ್ಕಂಬಂದ ಕಣಕ್ಕಯ್ಯ," ಎಂದಳು ಅವ್ವ. "ಮಂಚ ಇರೋ ಗಾಡೀಲಿ. ಮಾರಾಣಿ ಅಂಗೆ."

"ಪುಣ್ಯವಂತೆ ಕಣೆ ನೀನು," ಎಂದಳು ದೊಡ್ಡಮ್ಮ. ಬತ್ತಿದ ಆ ಮುಖ ಅರಳಿತು.

ಪುಟ್ಟಸ್ವಾಮಿ ಆಶಾರಾಣಿಯ ಕಡೆ ನೋಡಿದ. ಅವಳ ಬಾಯಲ್ಲಿ ಉಗುಳು ತುಂಬಿಕೊಂಡಿತ್ತು. ಅದನ್ನು ನುಂಗಿ, "ಊಂ ದೊಡ್ಡಮ್ಮ, ಕಾಂತನೇ," ಎಂದಳು.