ಬಚ್ಚಲಿನ ಕೆಂಪು ನೆಲ

"ಅಮ್ಮಾ, ಅಮ್ಮಾ, ಅದು ಮಾರೋ ಕಲ್ಲು! ನೀರು ಸುರೀಬೇಡಿ!"

ಕೊಳ್ಳೇಗಾಲದ ಆ ಹಾಸುಗಲ್ಲಿನ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬರುವಷ್ಟರಲ್ಲಿ ವೀರಮ್ಮ ಇಡೀ ಚೊಂಬನ್ನೇ ಬಗ್ಗಿಸಿಯಾಗಿತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಮಲಗಿಸಿದ್ದ ಕಡಪ ಕಲ್ಲಿನ ಮೇಲೆ ಬರಿಗಾಲಿಟ್ಟು, ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಉಜ್ಜಿ ಉಜ್ಜಿ ನೋಡುತ್ತಿದ್ದಳು. ಅಷ್ಟು ಸಾಲದೆಂದು ಕೈಚೀಲದಿಂದ ಸೀಗೆಪುಡಿಯ ಪೊಟ್ಟಣ ತೆಗೆದು ಒಂದು ಚಿಟಿಕೆ ಉದುರಿಸಿದಳು. ಅವಳ ಗಂಡ ಸದಾಶಿವಪ್ಪ, ಈ ಹೆಂಗಸು ಯಾವೂರಿನವಳೋ ತನಗೆ ಗೊತ್ತೇ ಇಲ್ಲವೆಂಬಂತೆ ಬಾಗಿಲಲ್ಲಿ ನಿಂತು, ಹನೂರಿನ ಬಸ್ಸು ಬಂತೇ ಎಂದು ರಸ್ತೆ ನೋಡತೊಡಗಿದ.

"ಜಾರ್ತದೆ" ಎಂದು ವೀರಮ್ಮ ತೀರ್ಪು ಕೊಟ್ಟಳು. "ಸಾಲ್ದುದ್ಕೆ ಕರ್ರಗದೆ. ಬಚ್ಲಲ್ಲಿ ಚೇಳು ಕುಂತಿದ್ರೆ ಕಾಣದೆಂಗೆ?"

ಅಂಗಡಿಯವರು ಬಣ್ಣದ ಹರಳು ಹಾಕಿದ ಮೊಸಾಯಿಕ್ ಬಿಲ್ಲೆ ತಂದು ತೋರಿಸಿದರು.

"ಇದೇನ್ರಪ್ಪಾ, ಉಪ್ಪಿಟ್ಟು ಚೆಲ್ದಂಗದೆ! ದಿನಾ ಯಾವ್ದು ಕಲ್ಲು, ಯಾವ್ದು ಕೊಳೆ ಅಂತ ಉಡುಕ್ಕಂಡು ಕುಂತಿರಬೇಕಾ?"

ಅಂಗಡಿಯವರಿಗೂ ನಗು ಬಂತು. ಇಷ್ಟು ವರ್ಷದಲ್ಲಿ ಸೀಗೆಪುಡಿ ಕಟ್ಟಿಕೊಂಡು ಕಲ್ಲು ಕೊಳ್ಳಲು ಬಂದ ಗಿರಾಕಿಯನ್ನು ಅವರು ಕಂಡಿರಲಿಲ್ಲ.

ವೀರಮ್ಮನ ಈ ಹುರುಪಿಗೆ ಕಾರಣವಿತ್ತು. ಅಜ್ಜೀಪುರದ ಅವರ ಮನೆಯಲ್ಲಿ ಬಚ್ಚಲೆಂದರೆ ಹಿತ್ತಿಲಲ್ಲೊಂದು ಒರಟು ಚಪ್ಪಡಿ, ಸುತ್ತ ಜೋಳದ ಕಡ್ಡಿಯ ತಟ್ಟಿ. ಕಳೆದ ದೀಪಾವಳಿಯಲ್ಲಿ ಯಳಂದೂರಿನ ಅಳಿಯ ಮೈತುಂಬ ಎಣ್ಣೆ ಹಚ್ಚಿಕೊಂಡು ಅಲ್ಲಿ ಕೂತಿದ್ದಾಗ, ಹಗ್ಗ ಕಿತ್ತುಕೊಂಡ ಎಮ್ಮೆಯೊಂದು ಬಂದು ತಟ್ಟಿಯ ಒಂದು ಮಗ್ಗುಲನ್ನೇ ಮೇಯ್ದುಬಿಟ್ಟಿತ್ತು. ಬೀದಿಯವರು ನಕ್ಕು ಮರೆತರು. ಯಳಂದೂರಿನ ಬೀಗತಿ ಮಾತ್ರ ಮರೆಯಲಿಲ್ಲ. ಮಗಳು ಶಿವರತ್ನಮ್ಮ ಚೊಚ್ಚಲ ಬಸುರಿಯಾದಾಗ, "ನಿಮ್ಮಲ್ಲಿ ಬಚ್ಚಲಿಲ್ಲ. ಬಾಣಂತಿಗೂ ಕೂಸ್ಗೂವೆ ಬಯಲಲ್ಲಿ ನೀರ್ ಉಯ್ಯಕ್ಕಾದ್ದಾ? ಬಾಣಂತನ ಇಲ್ಲೇ ಆಗ್ಲಿ ಬುಡಿ" ಎಂದು ಹೇಳಿ ಕಳಿಸಿದಳು. ಮೊದಲ ಬಾಣಂತನವೇ ತವರಲ್ಲಿ ಆಗದಿದ್ದರೆ ತವರು ಇನ್ನೇತಕ್ಕೆ? ವೀರಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಗಂಡನ ಮುಂದೆ ನಿಂತು, ಬಚ್ಚಲುಮನೆ ಕಟ್ಟಿಸಲೇಬೇಕು ಎಂದಳು.

ರೇಷ್ಮೆಗೂಡು ಮಾರಿ ಬಂದಿದ್ದ ಸದಾಶಿವಪ್ಪ ಒಳ್ಳೆಯ ಖುಷಿಯಲ್ಲಿದ್ದ. "ಕಟ್ಸವ ಬುಡು. ಗ್ವಾಡೆ, ಸೂರು, ಅಂಡೆ ಒಲೆ ನಂಗಿರ್ಲಿ. ನೆಲ ಮಾತ್ರ ನಿಂದು. ಯಾವ್ದು ಬೇಕೋ ನೀನೇ ಆರ್ಸು" ಎಂದುಬಿಟ್ಟ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಈ ಮನೆಗೆ ಏನು ಬೇಕು ಎಂದು ಯಾರಾದರೂ ವೀರಮ್ಮನನ್ನು ಕೇಳಿದ್ದು ಅದೇ ಮೊದಲು. ಅವತ್ತಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಇನ್ನೇನು ಬರಿಗೈಯಲ್ಲಿ ಹೊರಡಬೇಕು, ಅಂಗಡಿಯ ಹೊಸ್ತಿಲು ದಾಟಿ ಜಗಲಿಗೆ ಕಾಲಿಟ್ಟವಳು ಗಕ್ಕನೆ ನಿಂತಳು. ಜಗಲಿಗೆ ಕೆಂಪು ಸಿಮೆಂಟಿನ ಗಾರೆ ಹಾಕಿದ್ದರು. ಬಿಸಿಲಿಗೆ ಬೆಚ್ಚಗಿತ್ತು, ಪಾದಕ್ಕೆ ಒಳ್ಳೆಯ ಹಿಡಿತ ಕೊಡುತ್ತಿತ್ತು, ನೋಡಿದರೆ ಕುಂಕುಮದ ಬಣ್ಣ. ಅಂಗಡಿಯವರಿಂದಲೇ ಇನ್ನೊಂದು ಚೊಂಬು ನೀರು ಈಸಿಕೊಂಡು ಸುರಿದು ಉಜ್ಜಿದಳು. ಜಾರಲಿಲ್ಲ.

"ಇದೇಯಾ! ನಂಗೆ ಇದೇ ಬೇಕು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಆ ಜಗಲಿಯನ್ನು ಹತ್ತಾರು ವರ್ಷ ಸಾವಿರಾರು ಗಿರಾಕಿಗಳು ತುಳಿದು ತುಳಿದು ಮೇಲಿನ ನಯವನ್ನೆಲ್ಲ ಸವೆಸಿದ್ದರು. ಅದು ಪಾಪ, ವೀರಮ್ಮನಿಗೆ ಹೊಳೆಯಲಿಲ್ಲ. ಸದಾಶಿವಪ್ಪನಿಗೋ ಬಸ್ಸಿನದೇ ಚಿಂತೆ.

ಅತ್ತೆ ಗುರುಬಸಮ್ಮನಿಗೆ ಈ ಸಡಗರ ಹಿಡಿಸಲಿಲ್ಲ. ಎಪ್ಪತ್ತು ದಾಟಿದ ಮುದುಕಿ, ಊರಿನ ಅರ್ಧ ಮಕ್ಕಳಿಗೆ ಎಳೆತನದಲ್ಲಿ ನೀರು ಹಾಕಿದವಳು. ನೆಲದ ಮೇಲೆ ಎರಡೂ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ನೀವಿ ಬಿಸಿನೀರು ಹೊಯ್ಯುವುದರಲ್ಲಿ ಅವಳದು ಪಳಗಿದ ಕೈ. ಆ ಕೈ ವೀರಮ್ಮನಿಗೆ ಬಂದಿರಲಿಲ್ಲ; ಮೊಮ್ಮಗಳ ಕೂಸಿಗೂ ಮುದುಕಿಯೇ ನೀರು ಹಾಕುವುದೆಂದು ಮನೆಯಲ್ಲಿ ಯಾರೂ ಹೇಳದೆಯೇ ಗೊತ್ತಾಗಿದ್ದ ಮಾತು.

"ಅಳೇ ಚಪ್ಡೀನೇ ಒಳೀಕಾಕ್ಸಿದ್ರೆ ಸಾಕಾಗಿತ್ತಲ್ವಾ" ಎಂದು ಗೊಣಗಿದಳು. "ಇವ್ಳಿಗೆ ಅಣೇಗಲ್ದೆ ಕಾಲ್ಗೂ ಕುಂಕ್ಮ ಬೇಕಂತೆ."

ಗಾರೆ ಕೆಲಸದ ಮಂಟೇಸ್ವಾಮಿ, ಸರ್ಕಾರಿ ಪರ್ಮಿಟ್ಟಿಗೆ ಲೆಕ್ಕ ಹಾಕಿ ಕೊಟ್ಟ ಸಿಮೆಂಟಿನಲ್ಲಿ ಗೋಡೆಗೆ ಬಳಸಿ ಉಳಿದದ್ದನ್ನು ಜೋಪಾನ ಮಾಡಿ, ಕೆಂಪು ಪುಡಿ ಕಲೆಸಿ, ಕರಣೆಯಿಂದ ನೀವಿ ನೀವಿ ನೆಲ ಮಾಡಿದ. ಮೇಲೆ ನೀರು ಕಟ್ಟಿ ನಿಲ್ಲಿಸಿ, "ಎಂಟು ದಿನ ಮುಟ್ಬ್ಯಾಡಿ ಅವ್ವಾರೆ. ಆಮೇಕೆ ತೊಳ್ಕಂಡು ಬಳಸ್ಕಳಿ. ಬಚ್ಲಿಗೆ ಈ ನಯ ಸಾಕು" ಎಂದು ಹೇಳಿ, ಹೂಗ್ಯಂನಲ್ಲಿ ಒಪ್ಪಿಕೊಂಡಿದ್ದ ಕೆಲಸಕ್ಕೆ ಹೊರಟುಹೋದ.

ಸಾಕು ಎಂದರೆ ಕೇಳುವವರು ಯಾರು? ಒಂಬತ್ತನೆಯ ದಿನ ನೀರು ತೆಗೆದಾಗ ಪಕ್ಕದ ಮನೆಯ ಶಂಕರಮ್ಮ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟಳು. ಅವಳ ತವರಿನ ಪಡಸಾಲೆಗೂ ಇಂಥದೇ ಗಾರೆಯಂತೆ. ಕೊಬ್ಬರಿ ಎಣ್ಣೆ ಬಿಟ್ಟು, ಬಾಳೆದಿಂಡಿನಿಂದ ದಿನಾ ಉಜ್ಜಿದರೆ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಂತೆ.

"ಉಜ್ಜವಾ ಅಕ್ಕ?"

"ಉಜ್ಜವ ಕಣಮ್ಮಿ!"

ಅಷ್ಟೇ ತಡ. ಮರುದಿನದಿಂದ ಬೀದಿಯ ಹೆಂಗಸರೆಲ್ಲ ಒಲೆ ಆರಿಸಿದ ಕೂಡಲೇ ವೀರಮ್ಮನ ಹಿತ್ತಿಲಿಗೆ ಓಡಿಬಂದರು. ಒಬ್ಬಳು ಎಣ್ಣೆ ಬಿಟ್ಟಳು, ಒಬ್ಬಳು ಬಾಳೆದಿಂಡು ಹಿಡಿದಳು, ಒಬ್ಬಳು ಹಳೆಯ ಪಂಚೆ ಮಡಿಸಿ ಮಂಡಿಯೂರಿ ತಿಕ್ಕಿದಳು. ಬಚ್ಚಲು ಕಿರಿದು, ಹೆಂಗಸರು ಬಹಳ. ಹೊರಗೆ ನಿಂತವರು ಸೋಬಾನೆ ಹೇಳಿದರು, ಒಳಗಿದ್ದವರು ಅದಕ್ಕೆ ಸರಿಯಾಗಿ ಉಜ್ಜಿದರು. ಐದನೆಯ ದಿನ ವೀರಮ್ಮ ಬಗ್ಗಿ ನೋಡಿದರೆ ಅವಳ ಮೂಗುಬೊಟ್ಟು ಸಹಿತ ನೆಲದಲ್ಲಿ ಕಾಣಿಸಿತು. ಬರುವ ಸೋಮವಾರ ಮಗಳನ್ನು ಕರೆದುಕೊಂಡು ಹೋಗಲು ಬರುತ್ತೇನೆಂದು ಅವತ್ತೇ ಸದಾಶಿವಪ್ಪ ಯಳಂದೂರಿಗೆ ಹೇಳಿ ಕಳಿಸಿದ. ಶಿವರತ್ನಮ್ಮನಿಗೆ ಆಗ ಏಳು ತಿಂಗಳು.

ಗುರುವಾರ ಬೆಳಿಗ್ಗೆ ಗುರುಬಸಮ್ಮ ತಾನಾಗಿ ಬಂದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಹರಳೆಣ್ಣೆಯ ಬಟ್ಟಲು. ನೆಲವನ್ನು ಹೊಗಳುತ್ತಾಳೇನೋ ಎಂದು ವೀರಮ್ಮ ಹಿಂದೆಯೇ ನಿಂತಳು. ಮುದುಕಿ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಅದರ ಮೇಲೆ ನೀರು ಹೊಯ್ದು, ಕಾಲಿಟ್ಟಳು. ಒಂದೇ ಹೆಜ್ಜೆ. ಕಾಲು ಸರ್ರನೆ ಮುಂದಕ್ಕೆ ಹೋಯಿತು. ಬಾಗಿಲ ಚೌಕಟ್ಟು ಕೈಗೆ ಸಿಕ್ಕದಿದ್ದರೆ ಸೊಂಟ ಮುರಿಯುತ್ತಿತ್ತು. ಚೌಕಟ್ಟಿಗೆ ಜೋತುಬಿದ್ದು ಮೆಲ್ಲನೆ ನೆಲಕ್ಕೆ ಕುಸಿದಳು.

"ಅಯ್ಯೋ ಶಿವನೇ! ಅತ್ತೆ!"

"ನಂಗೇನಾಗಿಲ್ಲ, ಬುಡು" ಎಂದಳು ಗುರುಬಸಮ್ಮ. ಆದರೆ ಹಿಡಿದ ಚೌಕಟ್ಟನ್ನು ಬಿಡಲಿಲ್ಲ. "ಈಗ ಕೂಸು ನನ್ ಕೈಲಿದ್ದಿದ್ರೆ?"

ವೀರಮ್ಮ ಎಬ್ಬಿಸಲು ಹೋದರೆ ಮುದುಕಿ ಅವಳ ಕೈ ಸರಿಸಿದಳು.

"ಈ ಕನ್ನಡಿ ಮ್ಯಾಲೆ ನಾ ಕೂಸ್ಗೆ ನೀರ್ ಉಯ್ಯಲ್ಲ. ನನ್ ಮೊಮ್ಮಗ್ಳು ಯಳಂದೂರಲ್ಲೇ ಇರ್ಲಿ, ಕ್ಸೇಮವಾಗಿರ್ಲಿ. ಸೋಮ್ವಾರ ಯಾರೂ ಓಗದು ಬ್ಯಾಡ."

ಗೋಣಿಚೀಲ ಹಾಸಿದರಾಯಿತು ಎಂದು ಸದಾಶಿವಪ್ಪ ಹೇಳಿ ನೋಡಿದ. ಎಣ್ಣೆ ಮೇಲೆ ಚೀಲವೇ ಜಾರುತ್ತದಲ್ಲ ಎಂದು ಅವನೇ ಸುಮ್ಮನಾದ. ಒಡೆದು ಹಾಕಿ ಬೇರೆ ಮಾಡಿಸೋಣವೆಂದರೆ ಮತ್ತೆ ಪರ್ಮಿಟ್ಟು ಸಿಕ್ಕುವುದು ಯಾವ ಕಾಲಕ್ಕೋ. ವೀರಮ್ಮ ಬೂದಿ ಹಾಕಿ ತಿಕ್ಕಿದಳು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದಳು, ತೆಂಗಿನ ನಾರು ಸವೆಯುವವರೆಗೆ ತಿಕ್ಕಿದಳು. ಐದು ದಿನ ಅಷ್ಟು ಜನ ಕೂಡಿ ಕುಡಿಸಿದ ಎಣ್ಣೆ ಹೊರಗೆ ಬಂದೀತೇ? ತಿಕ್ಕಿದಷ್ಟೂ ಹೊಳೆಯಿತು. ಏನು ಬೇಕೆಂದು ನನ್ನನ್ನು ಒಂದೇ ಒಂದು ಸಲ ಕೇಳಿದರು, ಅದನ್ನೂ ಕೆಡಿಸಿಕೊಂಡೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಹಂಡೆಯ ಪಕ್ಕ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಶನಿವಾರ ಹೊತ್ತೇರುವಾಗ ಬೀದಿಯಲ್ಲಿ ಕೂಗು ಕೇಳಿಸಿತು. "ಒಳಕಲ್ಲು ಕುಟ್ತೀವಿ, ರುಬ್ಬೋ ಕಲ್ಲು ಕುಟ್ತೀವಿ!"

ವರ್ಷಕ್ಕೊಮ್ಮೆ ಉಳಿ ಸುತ್ತಿಗೆ ಹಿಡಿದು ಊರೂರು ತಿರುಗುವ ರಂಗಮ್ಮ. ನಮ್ಮ ಕಲ್ಲು ಚೆನ್ನಾಗಿಯೇ ಇದೆ, ಮುಂದೆ ಹೋಗು ಎನ್ನಲು ಬಾಯಿ ತೆರೆದ ವೀರಮ್ಮ ಹಾಗೆಯೇ ನಿಂತುಬಿಟ್ಟಳು. ರುಬ್ಬುವ ಕಲ್ಲು ಸವೆದು ನಯವಾದರೆ ಉದ್ದು ಅರೆಯದೆ ಜಾರಿಕೊಂಡು ಓಡುತ್ತದೆ. ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿದರೆ ಕಚ್ಚಿ ಹಿಡಿಯುತ್ತದೆ. ಎಲಾ, ಎಲಾ! ಅವಳು ಬೀದಿಗೆ ಓಡಿ, ರಂಗಮ್ಮನ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು.

ರಂಗಮ್ಮ ಬಚ್ಚಲು ನೋಡಿ ತಲೆ ಅಲ್ಲಾಡಿಸಿದಳು. "ಇದು ಕಲ್ಲಲ್ಲ ಕಣವ್ವ, ಗಾರೆ. ಒಂದೇಟು ಬಿರುಸಾದ್ರೆ ಈ ತುದಿಯಿಂದ ಆ ತುದೀಗೆ ಸೀಳ್ಕತದೆ. ಆಮೇಕೆ ನನ್ ಮ್ಯಾಲೆ ಆಕ್ಬ್ಯಾಡಿ."

"ಸೀಳ್ಕಂಡ್ರೆ ಸೀಳ್ಕಳ್ಲಿ. ಕುಟ್ಟು. ನನ್ ನೆಲ, ನಾನೇ ಏಳ್ತಾ ಇವ್ನಿ."

"ಎಂಗೆ ಕುಟ್ಲಿ? ಸುಮ್ಕೆ ಅಲ್ಲೊಂದು ಇಲ್ಲೊಂದಾ?"

ವೀರಮ್ಮ ಒಂದು ಗಳಿಗೆ ಯೋಚಿಸಿದಳು. ಒಳಗೆ ಓಡಿ ರಂಗೋಲಿ ಬಟ್ಟಲು ತಂದು ಮಂಡಿಯೂರಿ ಕೂತು, ನಡುವೆ ಒಂದು ಚುಕ್ಕಿ ಇಟ್ಟು, ಅದರ ಸುತ್ತ ಇಡುತ್ತಾ ಇಡುತ್ತಾ ಗೋಡೆಯವರೆಗೆ ಹೋದಳು. ಚುಕ್ಕಿಗೂ ಚುಕ್ಕಿಗೂ ಎರಡು ಬೆರಳ ಅಂತರ. ಕೈ ಎಲ್ಲೂ ತಡವರಿಸಲಿಲ್ಲ. ದಿನಾ ಬಾಗಿಲಲ್ಲಿ ಹಾಕುತ್ತಿದ್ದ ಕೈ ಅದು.

ರಂಗಮ್ಮ ಉಳಿಯ ಮೊನೆಯನ್ನು ಮೊದಲ ಚುಕ್ಕಿಯ ಮೇಲಿಟ್ಟಳು. ಗಲಾಟೆ ಕೇಳಿ ಬಂದು ನಿಂತಿದ್ದ ಬೀದಿಯ ಹೆಂಗಸರ ನಡುವೆ ಶಂಕರಮ್ಮ ಕಣ್ಣು ಮುಚ್ಚಿಕೊಂಡಳು. ಟಕ್. ಕೆಂಪು ಚಕ್ಕೆಯೊಂದು ಹಾರಿತು. ಅಡಿಯಿಂದ ಬೂದುಬಣ್ಣದ ಸಿಮೆಂಟು ಕಾಳಿನಷ್ಟು ಇಣುಕಿತು. ಬಿರುಕು ಬಿಡಲಿಲ್ಲ. ಟಕ್. ಎರಡನೆಯದೂ ಬಿಡಲಿಲ್ಲ. ವೀರಮ್ಮ ಆಗ ಉಸಿರು ಬಿಟ್ಟಳು.

ಮಧ್ಯಾಹ್ನವೆಲ್ಲ ಟಕ್ ಟಕ್ ಕೇಳುತ್ತಲೇ ಇತ್ತು. ನೀರು ಹೋಗುವ ತೂಬಿನ ಹತ್ತಿರ ಬೆರಳುದ್ದದ ಒಂದು ಬಿರುಕು ಬಂದೇ ಬಂತು, ಅಲ್ಲಿಗೇ ನಿಂತಿತು. ಸಂಜೆಯ ಹೊತ್ತಿಗೆ ಕೆಂಪು ನೆಲದ ತುಂಬ ಬೂದುಬಣ್ಣದ ಚುಕ್ಕಿಗಳು ಅರಳಿದ್ದವು. ಹೆಂಗಸರು "ಅಬ್ಬಬ್ಬಾ, ಮೊದ್ಲಿಗಿಂತ ಈಗ್ಲೇ ಚೆಂದ" ಎಂದರು, ಮತ್ತೆ ಉಜ್ಜುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಅಲ್ಲಿಯವರೆಗೆ ಬಾಗಿಲಿಗೆ ಒರಗಿಕೊಂಡು ನೋಡುತ್ತಿದ್ದ ಗುರುಬಸಮ್ಮ ಕೋಲು ನೀಡಿ ತೋರಿಸಿದಳು. "ಆ ಮೂಲೆ ಬುಟ್ಬುಟ್ಯಲ್ಲ. ಇಮ್ಮಡಿ ಊರದು ಅಲ್ಲೇ ಕಣವ್ವ."

ಭಾನುವಾರ ಬೆಳಿಗ್ಗೆ ಹಂಡೆಗೆ ಉರಿ ಹಾಕಿದರು. ನೀರು ಕಾದು ಬಚ್ಚಲೆಲ್ಲ ಹಬೆ ತುಂಬಿದ ಮೇಲೆ ಗುರುಬಸಮ್ಮ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತು ಎರಡೂ ಕಾಲು ಚಾಚಿದಳು. ಹಿಮ್ಮಡಿಯ ಕೆಳಗೆ ಹರಳೆಣ್ಣೆ ಬಿಟ್ಟುಕೊಂಡಳು. ಮೇಲೆ ಚೊಂಬು ನೀರು ಹೊಯ್ದುಕೊಂಡು, ಬಲವಾಗಿ ಒತ್ತಿದಳು. ವೀರಮ್ಮ ಬಾಗಿಲಿನಿಂದ ಬಗ್ಗಿ ನೋಡಿದಳು. ಮುದುಕಿ ಮತ್ತೊಮ್ಮೆ ಒತ್ತಿದಳು. ಆಮೇಲೆ ಎದ್ದು ನಿಂತು ಸೆರಗು ಕಟ್ಟಿದಳು.

"ಕೂಸು ಅಗೂರ. ಬಾಣಂತಿ ಬಾರ. ಅದ್ನೂ ನೋಡ್ಬೇಕಲ್ವಾ. ಬಾ, ಕುಂತ್ಕ."

"ನಾನಾ ಅತ್ತೆ?"

"ಇನ್ಯಾರು, ಎಮ್ಮೇನ ಕರ್ಕಬರ್ಲಾ? ಕುಂತ್ಕ ಅಂದ್ರೆ."

ವೀರಮ್ಮ ಸೀರೆ ಬದಲಿಸಿ ಬಂದು ಚುಕ್ಕಿಗಳ ನಡುವೆ ಕೂತಳು. ನೆತ್ತಿಯ ಮೇಲೆ ಬೆಚ್ಚನೆ ಎಣ್ಣೆ ಬಿತ್ತು. ಒರಟು ಕೈಗಳು ಕೂದಲ ಬುಡಕ್ಕೆ ಹೋಗಿ ತಟ್ಟಿ, ಕತ್ತಿಗಿಳಿದು, ಹೆಗಲನ್ನು ಅದುಮಿದವು. ತಾಯಿಯಿಲ್ಲದ ತವರಿಗೆ ಹೋಗದೆ ಇದೇ ಮನೆಯಲ್ಲಿ ಶಿವರತ್ನಮ್ಮನನ್ನು ಹೆತ್ತಾಗ ಈ ಕೈಗಳೇ ಅವಳಿಗೆ ಎಣ್ಣೆ ನೀವಿದ್ದವು. ಅದಾದ ಮೇಲೆ ಯಾರೂ ಅವಳ ತಲೆ ಮುಟ್ಟಿರಲಿಲ್ಲ.

"ಗೂಟದಂಗೆ ಕುಂತಿದ್ದಿಯಲ್ಲ, ಮೈ ಸಡ್ಲ ಬುಡು" ಎಂದು ಗದರಿದಳು ಗುರುಬಸಮ್ಮ. "ಕಣ್ ಮುಚ್ಕ."

ಹೊರಗಿನಿಂದ ಸದಾಶಿವಪ್ಪನ ದನಿ ಬಂತು. ಅವನಿಗೂ ತಡೆಯಲಾಗದು. "ಅವ್ವಾ, ಎಂಗದೆ ನೆಲ? ನಾಳೀಕೆ ನಾ ಯಳಂದೂರ್ಗೆ ಓಗದೋ, ಬ್ಯಾಡ್ವೋ?"

ಮುದುಕಿ ಹಂಡೆಯಿಂದ ಚೊಂಬು ತುಂಬಿಕೊಂಡಳು.

"ಬಸ್ಸಲ್ಲಿ ಇಂದಿನ್ ಸೀಟ್ನಲ್ಲಿ ಕೂರಿಸ್ಬ್ಯಾಡ ಕಣ್ಲಾ" ಎಂದು ಕೂಗಿದಳು. "ಕುಲುಕ್ತದೆ. ಮುಂದ್ಗಡೇನೇ ಕೂರ್ಸ್ಕಂಡು ಬಾ."

ಬಿಸಿನೀರು ವೀರಮ್ಮನ ತಲೆಯ ಮೇಲಿಂದ ಇಳಿದು, ಚುಕ್ಕಿಯಿಂದ ಚುಕ್ಕಿಗೆ ನಿಂತು ನಿಂತು, ತೂಬಿನ ಕಡೆ ಹರಿಯಿತು. ಗುರುಬಸಮ್ಮ ಮತ್ತೊಂದು ಚೊಂಬು ಎತ್ತಿದಳು. ಅವಳ ಬರಿಗಾಲು ಎಣ್ಣೆ ನೀರಿನಲ್ಲಿ ಇಟ್ಟಲ್ಲೇ ಇತ್ತು.