ಹಸಿರು ಕಾರಿನ ಬ್ರೇಕು

ಗುಜರಿಯವನು ಹಗ್ಗ, ಸರಪಳಿ ಹೊತ್ತುಕೊಂಡು ಶೆಡ್ಡಿನ ಬಾಗಿಲಿಗೆ ಬಂದಾಗ ನರ್ಸಕ್ಕ ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

“ಯಾರು ಕರೆದಿದ್ದು ನಿಮ್ಮನ್ನ?”

“ಮೇಲಿನ ಮನೆ ಯಜಮಾನ್ರು. ಹಳೇ ಗಾಡಿ ಇದೆ, ಎಳ್ಕೊಂಡು ಹೋಗು ಅಂದ್ರು.”

“ಗಾಡಿ ನಂದು. ಯಜಮಾನ್ರ ಸೋಫಾ ಬೇಕಿದ್ರೆ ಕೇಳಿ ನೋಡಿ, ಅದು ಅವರದ್ದು.”

ಗುಜರಿಯವನು ನಕ್ಕುಬಿಟ್ಟ. ಅಷ್ಟರಲ್ಲಿ ಆ ಯಜಮಾನ, ಅವಳ ಅಣ್ಣ, ಮಹಡಿ ಮೆಟ್ಟಿಲು ಇಳಿದು ಬಂದ. ಅರವತ್ತೇಳು ದಾಟಿದ್ದರೂ ಇಸ್ತ್ರಿಯಿಲ್ಲದ ಅಂಗಿ ತೊಟ್ಟವನಲ್ಲ. “ಏನಿದು ರಗಳೆ? ಹದಿನೇಳು ವರ್ಷದಿಂದ ಇಲಿ ಸಾಕೋದಕ್ಕೆ ಇಟ್ಕೊಂಡಿದೀಯ. ಶೆಡ್ ಖಾಲಿಯಾದ್ರೆ ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ. ಓಡಿಸೋ ಹಾಗಿದ್ರೆ ಬೇರೆ ಮಾತು.”

“ಓಡಿಸ್ತೀನಿ.”

ಮಾತು ಬಾಯಿಂದ ತಾನಾಗಿ ಬಿದ್ದಿತ್ತು. ಆದರೆ ಬಿದ್ದದ್ದು ಬಿದ್ದಾಗಿತ್ತು. “ಈ ಕಾರು ಇಲ್ಲಿಂದ ಹೋದ್ರೆ ತನ್ನ ಚಕ್ರದ ಮೇಲೆ ತಾನೇ ಹೋಗುತ್ತೆ. ಸರಪಳೀಲಿ ಎಳೆಸ್ಕೊಂಡು ಹೋಗಲ್ಲ.”

“ನೀನು?” ಎಂದ ಅಣ್ಣ. ಆ ಒಂದು ಮಾತಿನಲ್ಲಿ ಹದಿನೇಳು ವರ್ಷ ತುಂಬಿತ್ತು. “ಸರಿ. ಮುಂದಿನ ತಿಂಗಳು ಇದೇ ತಾರೀಖಿಗೆ ಇವನು ಮತ್ತೆ ಬರ್ತಾನೆ.”

ನರ್ಸಕ್ಕ ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವಳು. ಮದುವೆಯ ಗೋಜಿಗೆ ಹೋದವಳಲ್ಲ. ಆ ಬೀದಿಯ ಅರ್ಧಕ್ಕರ್ಧ ಮಕ್ಕಳು ಮೊದಲು ಅತ್ತದ್ದು ಅವಳ ಅಂಗೈಯಲ್ಲಿ. ಕಡುಹಸಿರು ಬಣ್ಣದ, ದುಂಡು ಮೂತಿಯ ಆ ಕಾರನ್ನು ಅವಳು ಕೊಂಡಾಗಲೇ ಅದು ಹಳತು. ಹೊತ್ತುಗೊತ್ತಿಲ್ಲದೆ ಬರುವ ಕರೆಗಳಿಗೆ ಅದರಲ್ಲೇ ಓಡುತ್ತಿದ್ದಳು. “ಹಸಿರು ಕಾರು ಬಂತು ಅಂದ್ರೆ ಮಗು ಬಂದ ಹಾಗೇ” ಎನ್ನುತ್ತಿದ್ದರು ಜನ.

ಆಮೇಲೊಂದು ಶನಿವಾರ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರುಕಟ್ಟೆಯ ಇಳಿಜಾರಿನಲ್ಲಿ ಬರುತ್ತಿದ್ದಾಗ ಬ್ರೇಕ್ ತುಳಿದರೆ ಪೆಡಲು ನೆಲಕ್ಕೆ ಹೋಯಿತು. ಮತ್ತೆ ತುಳಿದಳು. ಮತ್ತೆ ನೆಲ. ಎದುರಿಗೆ ಜನ. ಸ್ಟೀರಿಂಗ್ ಎಳೆದು ಗೋಡೌನಿನ ಗೋಡೆಗೆ ಕೊಟ್ಟಳು. ಬೇರೆ ಯಾರಿಗೂ ಏನೂ ಆಗಲಿಲ್ಲ. ಅಮ್ಮನ ಸೊಂಟದ ಮೂಳೆ ಮಾತ್ರ ಮುರಿಯಿತು.

ಅಣ್ಣ ಆಸ್ಪತ್ರೆಯ ವರಾಂಡದಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದ. “ಬ್ರೇಕ್ ಫೇಲೂ ಇಲ್ಲ, ಏನೂ ಇಲ್ಲ. ಗಾಬರಿಯಾಗಿ ಆಕ್ಸಿಲರೇಟರ್ ತುಳಿದಿದಾಳೆ.” ನಾನು ತುಳಿದದ್ದು ಬ್ರೇಕು ಎಂದು ಅವಳು ಗಂಟಲು ಹರಿಯುವಷ್ಟು ಹೇಳಿದಳು. ಹೇಳಿದಷ್ಟೂ ಜನ ಮೆಲ್ಲಗೆ ತಲೆಯಾಡಿಸಿದರು. ಅಮ್ಮ ಕೋಲೂರಿಕೊಂಡು ಇನ್ನೂ ಒಂಬತ್ತು ವರ್ಷ ಬದುಕಿದಳು. ನೋವಿನಿಂದ ಮುಖ ಹಿಂಡಿದಾಗಲೆಲ್ಲ, “ಹೋಗ್ಲಿ ಬಿಡು ಮಗಾ, ಗಾಬರಿ ಯಾರಿಗಾದ್ರೂ ಆಗುತ್ತೆ” ಎನ್ನುತ್ತಿದ್ದಳು. ಕ್ಷಮೆಯ ಆ ಮಾತು ಬೈಗುಳಕ್ಕಿಂತ ಹೆಚ್ಚು ಸುಡುತ್ತಿತ್ತು. ಬರಬರುತ್ತಾ ನರ್ಸಕ್ಕನಿಗೇ ತನ್ನ ಕಾಲಿನ ಮೇಲೆ ಅನುಮಾನ ಹುಟ್ಟಿತು. ಆವತ್ತು ಏನು ತುಳಿದೆ? ಅವಳು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಆದರೂ ಕಾರನ್ನು ಮಾರಲು ಒಪ್ಪಲಿಲ್ಲ.

ಗುಜರಿಯವನು ಬಂದುಹೋದ ಮರುದಿನ ಬೆಳಿಗ್ಗೆ ಅವಳು ಡಿಪೋ ಮೇಸ್ತ್ರಿಯ ಮನೆ ಬಾಗಿಲು ಬಡಿದಳು. ಮೂವತ್ತೈದು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದವನು. ಎಂಜಿನ್ನುಗಳ ಸದ್ದಿಗೆ ಎಡಗಿವಿ ಕೆಟ್ಟಿತ್ತು, ಬಲಗಿವಿಗೆ ಬೇಡದ್ದು ಕೇಳಿಸುತ್ತಿರಲಿಲ್ಲ. ಅವನ ಇಬ್ಬರು ಹೆಣ್ಣುಮಕ್ಕಳ ಹೆರಿಗೆಯೂ ಇವಳ ಕೈಯಲ್ಲೇ ಆಗಿತ್ತು.

ಮೇಸ್ತ್ರಿ ಶೆಡ್ಡಿಗೆ ಬಂದು ಕಾರಿನ ಸುತ್ತ ಮೂರು ಸುತ್ತು ಹಾಕಿದ. ಧೂಳಿನ ಮೇಲೆ ಇಲಿಯ ಹೆಜ್ಜೆ, ನಜ್ಜುಗುಜ್ಜಾದ ಬಂಪರ್, ಒಡೆದ ಒಂದು ಲೈಟು. ನರ್ಸಕ್ಕ ಕೀಲಿ ತೆಗೆದದ್ದನ್ನು ಕಂಡು ಗದರಿದ.

“ಇಡಿ ಅದನ್ನ ಒಳಗೆ! ಇಷ್ಟು ವರ್ಷ ಮಲಗಿದ ಎಂಜಿನ್ನನ್ನ ಕೀಲಿ ತಿರುಗಿಸಿ ಎಬ್ಬಿಸಿದ್ರೆ ಅದೇ ಅದರ ಕೊನೇ ಉಸಿರು. ನಿಮ್ಮ ವಾರ್ಡಲ್ಲಿ ಜ್ಞಾನ ತಪ್ಪಿದೋರನ್ನ ರಟ್ಟೆ ಹಿಡಿದು ಎಬ್ಬಿಸಿ ಓಡಿಸ್ತಿದ್ರಾ?”

“ಇಲ್ಲ.”

“ಹಾಗಾದ್ರೆ ನಾನು ಹೇಳಿದ ಹಾಗೆ. ಕೈ ನಿಮ್ಮದು, ಬಾಯಿ ನನ್ನದು. ಬಗ್ಗೋಕೆ ನನ್ನ ಸೊಂಟ ಒಪ್ಪಲ್ಲ.”

ಹೀಗೆ ಶುರುವಾಯಿತು. ಕಾರನ್ನು ಜಾಕಿನಿಂದ ಎತ್ತಿ, ನಾಲ್ಕು ಕಡೆ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಿದರೆ ನಾನು ಮನೆಗೆ ಹೋಗುತ್ತೇನೆ ಎಂದ ಮೇಸ್ತ್ರಿ. ಟ್ಯಾಂಕಿನ ಹಳೆಯ ಪೆಟ್ರೋಲು ಕೊಳೆತ ವಾರ್ನಿಷ್‌ನಂತೆ ನಾರುತ್ತಿತ್ತು. ಅದನ್ನು ಪೂರ್ತಿ ಬಸಿದರು. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿಯೊಂದು ಸೀಟಿನ ಹತ್ತಿ ತಂದು ಸಂಸಾರ ಹೂಡಿತ್ತು. “ಇದೂ ಹೆರಿಗೆ ವಾರ್ಡೇ” ಎಂದು ನರ್ಸಕ್ಕ ಗೂಡನ್ನು ಎತ್ತಿ ಹೊರಗಿಟ್ಟಳು. ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ತೆಳು ಎಣ್ಣೆ ಬಿಟ್ಟು ಎರಡು ದಿನ ನೆನೆಯಲು ಬಿಟ್ಟರು. ಮೂರನೆಯ ದಿನ ಉದ್ದ ಸ್ಪ್ಯಾನರು ಹಾಕಿ ಕೈಯಲ್ಲೇ ತಿರುಗಿಸಿದಾಗ ಎಂಜಿನ್ ಮೊದಲು ಮೊಂಡುಹಿಡಿದು, ಆಮೇಲೆ ಕೂದಲೆಳೆಯಷ್ಟು ಕದಲಿ, ಕೊನೆಗೆ ಒಂದು ಪೂರ್ತಿ ಸುತ್ತು ತಿರುಗಿತು. ನರ್ಸಕ್ಕ ಉಸಿರು ಬಿಟ್ಟಳು. ಆ ಸದ್ದು ಕಿವುಡ ಮೇಸ್ತ್ರಿಗೂ ಕೇಳಿಸಿತು.

ಮಹಡಿಯ ಬಾಲ್ಕನಿಯಿಂದ ಅಣ್ಣ ದಿನವೂ ಒಂದು ಮಾತು ಎಸೆಯುತ್ತಿದ್ದ. “ಆಂಬುಲೆನ್ಸಿಗೆ ಮೊದಲೇ ಫೋನ್ ಮಾಡಿಡಿ.” ಅವಳು ತಲೆಯೆತ್ತದೆ, “ಮಾಡಿಡು. ಹೊಟ್ಟೆ ಉರಿಗೂ ಅವರ ಹತ್ರ ಮದ್ದಿರುತ್ತೆ” ಎನ್ನುತ್ತಿದ್ದಳು. ಅತ್ತಿಗೆ ಮಾತ್ರ ಮಾತಿಲ್ಲದೆ ಎರಡು ಲೋಟ ಕಾಫಿ ತಂದಿಟ್ಟು, ಸ್ವಲ್ಪ ಹೊತ್ತು ನಿಂತು ನೋಡಿ ಹೋಗುತ್ತಿದ್ದಳು.

“ಎಂಜಿನ್ ತಿರುಗಿತಲ್ಲ, ಸ್ಟಾರ್ಟ್ ಮಾಡಿ ನೋಡೋಣ್ವಾ?” ಎಂದು ಹತ್ತನೆಯ ದಿನ ನರ್ಸಕ್ಕ ಕೇಳಿದಳು.

“ಮೊದಲು ಬ್ರೇಕು. ನಿಲ್ಲೋಕೆ ಬರದ ಗಾಡಿಗೆ ಓಡೋ ಹಕ್ಕಿಲ್ಲ.”

ಹತ್ತು ದಿನದಿಂದ ಅವಳು ಬೇಕೆಂದೇ ಮುಟ್ಟದೆ ಬಿಟ್ಟಿದ್ದ ಜಾಗ ಅದು. ಒಳಗೆಲ್ಲ ಸರಿಯಾಗಿಯೇ ಇದ್ದುಬಿಟ್ಟರೆ? ಅಣ್ಣ ಹೇಳಿದ್ದೇ ನಿಜವಾದರೆ? ಅಮ್ಮನ ಸೊಂಟ ಮುರಿದದ್ದು ತನ್ನ ಕಾಲೇ ಎಂದಾದರೆ? ಆದದ್ದಾಗಲಿ ಎಂದು ಸ್ಪ್ಯಾನರ್ ಹಿಡಿದಳು. ಬಾನೆಟ್ಟಿನ ಕೆಳಗಿದ್ದ ಬ್ರೇಕಿನ ಮುಖ್ಯ ಸಿಲಿಂಡರನ್ನು ಬಿಚ್ಚಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, ಶಸ್ತ್ರಚಿಕಿತ್ಸೆಯ ತಟ್ಟೆ ಜೋಡಿಸುವ ಅಚ್ಚುಕಟ್ಟಿನಲ್ಲಿ ಒಂದೊಂದೇ ಭಾಗ ಹೊರಗಿಟ್ಟಳು. ಒಳಗಿನ ರಬ್ಬರು ಹೊರಗೆ ಬರಲು ಒಪ್ಪಲಿಲ್ಲ. ಚಿಮಟ ಹಾಕಿ ಎಳೆಯಬೇಕಾಯಿತು.

ಮೇಸ್ತ್ರಿ ಕನ್ನಡಕ ಏರಿಸಿ ನೋಡಿದ. ಮೂಸಿದ. ಬೆರಳಲ್ಲಿ ಹಿಸುಕಿದ. “ಇದಕ್ಕೆ ಎಂಜಿನ್ ಆಯಿಲ್ ಹಾಕಿದ್ಯಾರು?”

“ಯಾಕೆ?”

“ವಯಸ್ಸಾದ ರಬ್ಬರು ಒಣಗುತ್ತೆ, ಬಿರುಕು ಬಿಡುತ್ತೆ. ಇದು ನೋಡಿ, ಉಬ್ಬಿ ಮೆತ್ತಗಾಗಿದೆ. ಬ್ರೇಕ್ ಆಯಿಲ್ ಬೇರೆ, ಎಂಜಿನ್ ಆಯಿಲ್ ಬೇರೆ. ಅದನ್ನ ಇದಕ್ಕೆ ಸುರಿದ್ರೆ ನಾಕೈದು ದಿನದಲ್ಲಿ ರಬ್ಬರು ಊದಿ, ಅಂಚು ಮಡಚಿಕೊಳ್ಳುತ್ತೆ. ಆಮೇಲೆ ಎಷ್ಟು ತುಳಿದ್ರೂ ಪೆಡಲು ಸೀದಾ ನೆಲಕ್ಕೆ.”

ನರ್ಸಕ್ಕ ಚಿಮಟ ಕೆಳಗಿಟ್ಟಳು. ಅಪಘಾತಕ್ಕೆ ಮುಂಚಿನ ಭಾನುವಾರ ಕಣ್ಣಿಗೆ ಕಟ್ಟಿತು. ಪ್ರತಿ ಭಾನುವಾರ ಅಣ್ಣ ಕಾರು “ಪರೀಕ್ಷೆ” ಮಾಡುತ್ತಿದ್ದ. ಹೆಂಗಸರು ಆಯಿಲ್ ನೋಡಲ್ಲ ಎನ್ನುತ್ತಿದ್ದ. ಆವತ್ತು ಕೈ ಒರೆಸಿಕೊಳ್ಳುತ್ತಾ ಬಂದು, “ಬ್ರೇಕ್ ಆಯಿಲ್ ಕಮ್ಮಿಯಿತ್ತು, ತುಂಬಿಸಿದೀನಿ. ನಾನಿಲ್ದಿದ್ರೆ ನಿನ್ನ ಗತಿ ಏನು?” ಎಂದಿದ್ದ. ಅಪಘಾತದ ನಂತರ ಯಾವ ಮೆಕ್ಯಾನಿಕ್ಕೂ ಬಾನೆಟ್ ಎತ್ತಬಾರದೆಂದು ಹಟ ಹಿಡಿದವನೂ ಅವನೇ.

ಅಳು ಬರಲಿಲ್ಲ. ಹದಿನೇಳು ವರ್ಷದಲ್ಲಿ ಮೊದಲ ಸಲ ತನ್ನ ಬಲಗಾಲನ್ನು ನೋಡಿಕೊಂಡಳು. ಪಾಪದ್ದು, ಸರಿಯಾದ್ದನ್ನೇ ತುಳಿದಿತ್ತು.

ಎಣ್ಣೆ ಹತ್ತಿದ ಕೈಯಲ್ಲೇ ಮೆಟ್ಟಿಲು ಹತ್ತಿದಳು. ಅಣ್ಣ ಊಟದ ಮೇಜಿನ ಮುಂದೆ ಪತ್ರಿಕೆ ಹಿಡಿದು ಕೂತಿದ್ದ. ಉಬ್ಬಿದ ರಬ್ಬರನ್ನೂ ಪಕ್ಕದಲ್ಲೇ ಮೇಸ್ತ್ರಿ ಬದಲಿಗೆಂದು ತಂದಿಟ್ಟಿದ್ದ ಹೊಸದೊಂದನ್ನೂ ಪತ್ರಿಕೆಯ ಮೇಲಿಟ್ಟಳು.

“ಏನಿದು ಗಲೀಜು?”

“ಬ್ರೇಕ್ ಒಳಗಿಂದ ಬಂದಿದ್ದು. ಎಂಜಿನ್ ಆಯಿಲ್ ಕುಡಿದು ಊದಿದೆ. ಆ ಭಾನುವಾರ ಯಾವ ಡಬ್ಬ ಎತ್ಕೊಂಡೆ?”

“ಹದಿನೇಳು ವರ್ಷದ ಹಿಂದಿನ ಡಬ್ಬ ಯಾರಿಗೆ ನೆನಪಿರುತ್ತೆ? ನಿನ್ನ ತಪ್ಪು ಮುಚ್ಕೊಳ್ಳೋಕೆ ಕಥೆ ಕಟ್ಟಬೇಡ.”

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಆ ಮನೆಯಲ್ಲಿ ಗಂಡನ ಮಾತಿನ ನಡುವೆ ಬಾಯಿ ಹಾಕಿದವಳಲ್ಲ. “ಅಪಘಾತ ಆದ ಮಾರನೇ ದಿನ ನೀವು ಬಾನೆಟ್ ಎತ್ತಿ ನೋಡ್ಕೊಂಡು ಬಂದ್ರಿ,” ಎಂದಳು. “ಆಮೇಲೆ ಮೂರು ದಿನ ತಟ್ಟೆ ಮುಂದೆ ಸುಮ್ನೆ ಕೂತಿದ್ರಿ. ಏನಾಯ್ತು ಅಂತ ಕೇಳಿದೆ. ಏನಿಲ್ಲ ಅಂದ್ರಿ. ಈಗ ಹೇಳಿ.”

ಅಣ್ಣ ಅವಳನ್ನು ನೋಡಿದ, ತಂಗಿಯನ್ನು ನೋಡಿದ. ಪತ್ರಿಕೆ ಮಡಚಲು ಹೋದ ಕೈ ಅರ್ಧಕ್ಕೇ ನಿಂತಿತು. “ಅಮ್ಮ ನೋವಲ್ಲಿ ಒದ್ದಾಡ್ತಿದ್ಲು,” ಎಂದ ಕೊನೆಗೆ, ಮೇಜಿಗೆ ಹೇಳುವಂತೆ. “ಹೇಗೆ ಹೇಳ್ಲಿ? ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಆಗ್ಲಿಲ್ಲ.”

“ಒಂಬತ್ತು ವರ್ಷ ಅಮ್ಮ ನನ್ನನ್ನ ಕ್ಷಮಿಸ್ತಾ ಇದ್ಲು,” ಎಂದಳು ನರ್ಸಕ್ಕ. ದನಿ ಏರಲಿಲ್ಲ. “ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಂಡೆ. ಹಾಗೇ ಅಂದ್ಕೊಂಡು ಸತ್ಲು.”

“ಕಾಲಿಗೆ ಬೀಳ್ಲಾ?”

“ಬೇಡ. ಆಯಿಲ್ ತಪ್ಪಿ ಸುರಿದಿದ್ದು ಬಿಡು, ಕೈತಪ್ಪು ಯಾರಿಗಾದ್ರೂ ಆಗುತ್ತೆ. ಬಾಯಿ ಮುಚ್ಕೊಂಡಿದ್ದು ಕೈತಪ್ಪಲ್ಲ. ನಿನ್ನ ಮಕ್ಕಳಿಗೆ ನೀನೇ ಹೇಳು. ಆ ಗೋಡೌನಿನೋರಿಗೂ ಹೇಳು. ನಿಂಗೆ ಆಗಲ್ಲ ಅಂದ್ರೆ ನಾನು ಹೇಳ್ತೀನಿ, ನಂಗೆ ಗಂಟಲು ಚೆನ್ನಾಗಿದೆ.”

ಆಮೇಲಿನ ಇಪ್ಪತ್ತು ದಿನ ಬಾಲ್ಕನಿಯಿಂದ ಯಾವ ಮಾತೂ ಬೀಳಲಿಲ್ಲ. ಕೆಳಗೆ ಕೆಲಸ ಬಿರುಸಾಯಿತು. ಬ್ರೇಕಿನ ಕೊಳವೆ, ರಬ್ಬರು, ನಾಲ್ಕೂ ಚಕ್ರದ ಸಿಲಿಂಡರು ಎಲ್ಲವನ್ನೂ ಹೊಸದು ಹಾಕಿದರು. ಹಳೆಯದರಲ್ಲಿ ಒಂದನ್ನೂ ಉಳಿಸಲು ಮೇಸ್ತ್ರಿ ಬಿಡಲಿಲ್ಲ. ಟೈರುಗಳ ಗೆರೆ ಇನ್ನೂ ಆಳವಾಗಿತ್ತು, ನೋಡಲು ಗಟ್ಟಿಮುಟ್ಟು. “ಮುಖ ನೋಡಿ ಮಣೆ ಹಾಕ್ಬೇಡಿ” ಎಂದು ಮೇಸ್ತ್ರಿ ಪಕ್ಕೆಯ ಸೀಳುಗಳಲ್ಲಿ ಉಗುರು ಆಡಿಸಿ ತೋರಿಸಿದ. ಅವೂ ಹೋದವು. ಇಲಿ ಕಡಿದ ವೈರುಗಳನ್ನು ಅವಳು ಹೊಲಿಗೆ ಹಾಕುವ ತಾಳ್ಮೆಯಿಂದ ಬದಲಿಸಿದಳು. ಬಂಪರ್ ನೇರವಾಯಿತು, ಒಡೆದ ಲೈಟಿನ ಜಾಗಕ್ಕೆ ಬೇರೆ ಲೈಟು ಬಂತು.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಮೇಸ್ತ್ರಿ ಬೆಂಕಿ ಆರಿಸುವ ಸಿಲಿಂಡರು ಹಿಡಿದು ಪಕ್ಕದಲ್ಲಿ ನಿಂತ. ಎಂಜಿನ್ ಕೆಮ್ಮಿತು, ಸತ್ತಿತು. ಮತ್ತೆ ಕೆಮ್ಮಿತು. ನೀಲಿ ಹೊಗೆ ಶೆಡ್ಡನ್ನೆಲ್ಲ ತುಂಬಿತು. ಆಮೇಲೆ ಒಮ್ಮೆಲೇ ಹೊಗೆಯೊಳಗಿಂದ ಆ ಹಳೆಯ, ತೊದಲು ಗುಡುಗು ಎದ್ದು ನಿಂತಿತು. ಬೀದಿಯ ಕಿಟಕಿಗಳು ತೆರೆದವು.

ಒಂದು ವಾರ ಅಂಗಳದಲ್ಲೇ ಹಿಂದೆ, ಮುಂದೆ. ಪ್ರತಿ ಸಲವೂ ನಿಲ್ಲಿಸಿ, ಇಳಿದು, ಚಕ್ರಗಳ ಹಿಂದೆ ಬಗ್ಗಿ ಎಲ್ಲಾದರೂ ಹನಿ ಬಿದ್ದಿದೆಯೇ ಎಂದು ನೋಡಿದಳು. ನಂತರ ಸಾರಿಗೆ ಕಚೇರಿಯ ತಪಾಸಣೆಯ ಮೈದಾನ. ಅಧಿಕಾರಿ ಕಾಗದ ನೋಡಿ, ಸುತ್ತ ಕಣ್ಣಾಡಿಸಿ ಕೇಳಿದ, “ಡ್ರೈವರ್ ಎಲ್ಲಿ?”

“ನಿಮ್ಮೆದುರಿಗೇ ನಿಂತಿದಾಳೆ. ಲೈಸೆನ್ಸೂ ಇದೆ, ಹೋದ ವಾರ ಹೊಸದಾಗಿ ಪರೀಕ್ಷೆ ಕೊಟ್ಟು ತಗೊಂಡಿದ್ದು.”

ವೇಗವಾಗಿ ಬಂದು ಬಿಳಿ ಗೆರೆಯ ಹತ್ತಿರ ನಿಲ್ಲಿಸಬೇಕು. ಅವಳು ಬಂದಳು, ಬಲಗಾಲಿನಿಂದ ತುಳಿದಳು. ಪೆಡಲು ಅರ್ಧಕ್ಕೇ ಕಲ್ಲಿನಂತೆ ನಿಂತಿತು. ಕಾರು ಅತ್ತಿತ್ತ ಎಳೆಯದೆ, ಗೆರೆಗೆ ಒಂದು ಗೇಣು ಮೊದಲೇ ನಿಂತಿತು. ಅಧಿಕಾರಿ ಬಗ್ಗಿ ನೋಡಿ, ಮತ್ತೊಮ್ಮೆ ಮಾಡಿ ಎಂದ. ಮತ್ತೊಮ್ಮೆ ಮಾಡಿದಳು. ಬೇಕಿದ್ದರೆ ಇನ್ನೂ ಹತ್ತು ಸಲ ಎಂದಳು. ಅವನು ಸಹಿ ಹಾಕಿದ.

ಗುಜರಿಯವನು ಬರಬೇಕಿದ್ದ ದಿನ ಹಸಿರು ಕಾರು ಮನೆಯ ಮುಂದೆ, ಎಲ್ಲರ ಕಣ್ಣೆದುರು ನಿಂತಿತ್ತು. ಅವನು ಬರಲೇ ಇಲ್ಲ. ಅಣ್ಣನೇ ಬೇಡವೆಂದು ಹೇಳಿದ್ದನಂತೆ. ಮಕ್ಕಳಿಗೂ ಫೋನಿನಲ್ಲಿ ಹೇಳಿದನೆಂದು ಅತ್ತಿಗೆಯಿಂದ ತಿಳಿಯಿತು. ಮಗಳು ಫೋನ್ ಇಟ್ಟುಬಿಟ್ಟಳಂತೆ. ಗೋಡೌನಿಗೆ ಅವನಿನ್ನೂ ಹೋಗಿರಲಿಲ್ಲ. ನರ್ಸಕ್ಕ ಅವನೊಂದಿಗೆ ಮಾತು ಬಿಡಲಿಲ್ಲ, ಹಾಗೆಂದು ನಗಲೂ ಇಲ್ಲ. ಅದಕ್ಕೆಲ್ಲ ಎಷ್ಟು ದಿನ ಬೇಕೋ ಅಷ್ಟು ದಿನ ಆಗಲಿ ಎಂದುಕೊಂಡಳು, ಅವಸರ ಅವಳದಲ್ಲ.

ಆ ಮಧ್ಯಾಹ್ನ ಅತ್ತಿಗೆ ಕೆಳಗಿಳಿದು ಬಂದು, ಕಾರಿನ ಬಾಗಿಲ ಹಿಡಿ ಮುಟ್ಟಿ, ಕೈ ಹಿಂದೆ ತೆಗೆದುಕೊಂಡಳು.

“ಒಂದು ಸುತ್ತು ಹೋಗೋಣ್ವಾ?” ಎಂದಳು ಸ್ಟೀರಿಂಗ್ ಮುಂದೆ ಕೂತಿದ್ದ ನರ್ಸಕ್ಕ.

“ಸುತ್ತು ಬೇಡ.” ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅರವತ್ತಕ್ಕೆ ಕಲಿಯೋಕೆ ಆಗುತ್ತೋ ಇಲ್ವೋ ಹೇಳು.”

ನರ್ಸಕ್ಕ ಇಳಿದು, ಅವಳಿಗೆ ಜಾಗ ಬಿಟ್ಟು, ಕಾರನ್ನು ಬಳಸಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಶಾಲೆಯ ಹಿಂದಿನ ಖಾಲಿ ಬಯಲಿಗೆ ಹೋಗುವವರೆಗೂ ಅತ್ತಿಗೆಗೆ ತಾಳ್ಮೆಯಿರಲಿಲ್ಲ; ಕೀಲಿ ಇಲ್ಲೇ ಕೊಡು ಎಂದಳು. ಬೀದಿಯಲ್ಲಿ ಬೇಡ ಎಂದು ಗದರಿಸಿ, ಮತ್ತೆ ಸೀಟು ಬದಲಿಸಿ, ನರ್ಸಕ್ಕನೇ ಬಯಲಿನವರೆಗೆ ಓಡಿಸಿದಳು. ಅಲ್ಲಿ ಅತ್ತಿಗೆ ಮೂರು ಸಲ ಎಂಜಿನ್ ನಿಲ್ಲಿಸಿದಳು. ನಾಲ್ಕನೆಯ ಸಲ ಕಾರು ಕಪ್ಪೆಯಂತೆ ಕುಪ್ಪಳಿಸುತ್ತಾ ಹತ್ತು ಮಾರು ಹೋಯಿತು, ಮತ್ತು ಇಬ್ಬರೂ ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.