ಎಣ್ಣೆ ಹಚ್ಚಿದ ತಲೆ

ನನ್ನ ಮಗಳು ಅಂಜನಾಳ ತಲೆಗೆ ಕರೆಂಟು ಕೊಡುತ್ತಾರೆಂದು ಕೇಳಿದ್ದೇ ತಡ, ನಮ್ಮ ಅತ್ತೆ ತುಳಜಾಬಾಯಿ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಕೂತರು. ಕಲಬುರಗಿಯ ಅವಳ ನರ್ಸಿಂಗ್ ಕಾಲೇಜಿನಲ್ಲಿ ಅದೊಂದು ಸಂಶೋಧನೆ. ಒದ್ದೆ ಸ್ಪಂಜಿನ ಪಟ್ಟಿ ತಲೆಗೆ ಕಟ್ಟಿ, ಸಣ್ಣ ಕರೆಂಟು ಹರಿಸಿ, ಮಿದುಳಿನ ಅಲೆಗಳು ಬದಲಾಗುತ್ತವೆಯೇ, ನೆನಪು ಹೆಚ್ಚುತ್ತದೆಯೇ ಎಂದು ನೋಡುವುದು. ಅನಾಟಮಿಯಲ್ಲಿ ನಪಾಸಾಗಿ, ತಲೆಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಸೊರಗಿದ್ದ ಮಗಳು ತಾನಾಗಿಯೇ ಹೆಸರು ಕೊಟ್ಟಿದ್ದಳು.

"ಕರೆಂಟಂದ್ರ ಕಾವು. ಬರೇ ತಲಿ ಕೊಡ್ತಿಯೇನು ಅದಕ್ಕ? ಸುಮ್ಮ ಕೂಡು," ಎಂದು ಅತ್ತೆ ನೆತ್ತಿಗೆ ಎಣ್ಣೆ ತಟ್ಟಿ, ಬಿಗಿಯಾಗಿ ಹೆಣೆದು, ಕಮಲಾಪುರದಿಂದ ಬಸ್ಸು ಹತ್ತಿಸುತ್ತಿದ್ದರು. ಎಣ್ಣೆ ಬೇಡವೆಂದು ಕಾಲೇಜಿನವರು ಹೇಳಿದ್ದರಂತೆ. ಅಜ್ಜಿಯ ಕೈ ತಡೆಯಲಾರದ ಇವಳು ದಾರಿಯಲ್ಲಿ ದುಪಟ್ಟಾದಿಂದ ಒರೆಸಿಕೊಂಡು, ಹಚ್ಚಿಲ್ಲ ಎಂದು ಹೇಳಿ ಕೂರುತ್ತಿದ್ದಳು. ಪಟ್ಟಿ ತಲೆಗೆ ಸರಿಯಾಗಿ ತಾಗಿಲ್ಲವೆಂದು ಕೆಂಪು ದೀಪ ಮಿನುಗಿದರೂ ಪಟ್ಟಿ ಕಟ್ಟುವವರು ಯಂತ್ರದ ಚಾಳಿಯೇ ಅದು ಎಂದು ಬಿಡುತ್ತಿದ್ದರಂತೆ.

ಏನೇ ಇರಲಿ, ಅಂಜನಾ ಓದಿಗೆ ಕೂತಳು. ನಾನು ಶಾಲೆಯ ಬಿಸಿಯೂಟ ಬೇಯಿಸಿಟ್ಟು ಬಂದು ಮನೆಯಲ್ಲಿ ರೊಟ್ಟಿ ಬಡಿಯುವಾಗ ಎದುರು ಕೂತು ಎಲುಬುಗಳ ಹೆಸರು ಒಪ್ಪಿಸುವಳು. ಒಂದೂ ತಪ್ಪುತ್ತಿರಲಿಲ್ಲ. ಕಾಲೇಜಿನ ಕಿರುಪರೀಕ್ಷೆ ಪಾಸಾದಳು.

"ಅವ್ವಾ, ಕರೆಂಟ ಹತ್ತೇದ ನೋಡು," ಎಂದು ನಕ್ಕಳು. ಆ ನಗು ನೋಡಿ ಬಹಳ ದಿನವಾಗಿತ್ತು.

ಸಂಶೋಧನೆಯ ಕೊನೆಯ ದಿನ ನಾನೂ ಜೊತೆಗೆ ಹೋದೆ. ಅದನ್ನು ನಡೆಸುತ್ತಿದ್ದ ಪಂಚಶೀಲಾ ಮೇಡಂ ಅವಳ ಕೂದಲು ಮುಟ್ಟಿ, ಬೆರಳು ಮೂಸಿ, ನಮ್ಮನ್ನು ಪಕ್ಕಕ್ಕೆ ಕರೆದರು. ಎಣ್ಣೆಯಿಂದ ಅಲೆಗಳ ದಾಖಲೆ ಕೆಟ್ಟಿದೆ, ಕರೆಂಟು ಸರಿಯಾಗಿ ಹರಿದೇ ಇಲ್ಲ, ಇವಳನ್ನು ಲೆಕ್ಕದಿಂದ ತೆಗೆಯುತ್ತೇವೆ ಎಂದರು.

ನನಗೆ ಖುಷಿಯಾಯಿತು. "ಅಂದ್ರ ಪಾಸಾಗಿದ್ದು ನೀನ ಓದಿ, ಮಗಳ. ಮಷೀನ್ ಅಲ್ಲ," ಎಂದೆ.

ಮೇಡಮ್ಮೂ ಹೌದೆಂದರು. ಕರೆಂಟು ಹರಿದವರಲ್ಲೂ ಅಂಥ ಫರಕೇನೂ ಕಂಡಿಲ್ಲ ಎಂದರು. ಅಂಜನಾಳ ಕಿವಿಗೆ ಅದು ಬೀಳಲಿಲ್ಲ.

"ಎಲ್ಲಾರಿಗೂ ಕರೆಂಟ ಸಿಕ್ಕೇದ. ನನಗಷ್ಟ ಇಲ್ಲ," ಎಂದಳು.

ಅಂದಿನಿಂದ ಎಲುಬಿನ ಹೆಸರುಗಳು ತಪ್ಪತೊಡಗಿದವು. ಅತ್ತೆಯ ಬಟ್ಟಲು ಕಂಡರೆ ಎದ್ದು ಹೋಗುವಳು. ಮುಖ್ಯ ಪರೀಕ್ಷೆಗೆ ತಲೆ ತಿಕ್ಕಿ ತೊಳೆದುಕೊಂಡು ಹೋದವಳು ಬಾಡಿದ ಮುಖ ಹೊತ್ತು ಬಂದಳು.

"ಎಲ್ಲಾ ಬರದಿದ್ದೆ ಅವ್ವಾ. ಆಮ್ಯಾಲ ನನ್ನ ತಲ್ಯಾಗಿಂದು ಖರೇ ಇರ್ಲಿಕ್ಕಿಲ್ಲ ಅನಿಸ್ತು. ಎಲ್ಲಾದಕ್ಕೂ ಗೀಟ ಹೊಡದ ಹಾಕಿದೆ."

ಮೇಡಂ ಹೇಳಿದ್ದನ್ನು ಮತ್ತೆ ಹೇಳಿದೆ. ನನ್ನ ಬಾಯಿ ಮುಚ್ಚಿಸಲೆಂದೇ ತಲೆ ಆಡಿಸಿದಳು. ಈಗಲೂ ಆಗಾಗ ಕಲಬುರಗಿಗೆ ಹೋಗುತ್ತಾಳೆ, ಒಣಗಿದ ಕೂದಲು ಹರವಿಕೊಂಡು. ಪಾಠಕ್ಕಲ್ಲ, ಅಂಥ ಸಂಶೋಧನೆ ಮತ್ತೆ ಯಾವಾಗ ಮಾಡುತ್ತಾರೆಂದು ಕೇಳಲು.